ಕೆಲಸ ಬಿಟ್ಟವನ ಕಾಲಿಗೆ ಹಗ್ಗ ಬೇಡ
(ತೊರವಿಯಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

 



ಇಂದಿನ ವಿಷಯ ನಮಾಝ್, ರೋಝಾದ್ದಲ್ಲ. ಅಂಗಡಿಯದು, ಪಗಾರದ್ದು, ನಮ್ಮ ಮಕ್ಕಳು ಓದದೆ ಸಹಿ ಮಾಡುವ ಕಾಗದದ್ದು. ಆದರೆ ನಾಳೆ ಅಲ್ಲಾಹನ ಮುಂದೆ ನಮಾಝಿನ ಲೆಕ್ಕ ಕೊಡುವಂತೆ ಇದರ ಲೆಕ್ಕವನ್ನೂ ಕೊಡಬೇಕಾಗಿದೆ.

ರಮಝಾನ್ ಮುಗಿದ ಕೆಲವು ದಿನಗಳಲ್ಲಿ ಒಬ್ಬ ತಾಯಿ ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದರು. ಹುಡುಗ ಐಟಿಐ ಮುಗಿಸಿ ಮೂರು ವರ್ಷ ವಿಜಯಪುರದ ಒಂದು ಎಸಿ, ಫ್ರಿಜ್ ರಿಪೇರಿ ಅಂಗಡಿಯಲ್ಲಿ ದುಡಿದಿದ್ದಾನೆ. ತಿಂಗಳಿಗೆ ಹನ್ನೆರಡು ಸಾವಿರ ಪಗಾರ. ಈಗ ತಿಕೋಟಾದಲ್ಲಿ ಸ್ವಂತ ಸಣ್ಣ ಅಂಗಡಿ ಇಡುವ ಆಸೆ. ಆದರೆ ಕೆಲಸಕ್ಕೆ ಸೇರುವಾಗ ಅವನು ಒಂದು ಬಾಂಡ್ ಪೇಪರಿನ ಮೇಲೆ ಸಹಿ ಮಾಡಿದ್ದ. ಕೆಲಸ ಬಿಟ್ಟ ಮೇಲೆ ಮೂರು ವರ್ಷ ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರೂ ಕಡೆ ಇದೇ ಕೆಲಸವನ್ನು ಬೇರೆಯವರ ಹತ್ತಿರವಾಗಲಿ, ಸ್ವಂತವಾಗಲಿ ಮಾಡುವಂತಿಲ್ಲ. ಮಾಡಿದರೆ ಒಂದೂವರೆ ಲಕ್ಷ ದಂಡ. ಅವನ ಐಟಿಐ ಮೂಲ ಪ್ರಮಾಣಪತ್ರವೂ ಮಾಲಕರ ಕಪಾಟಿನಲ್ಲಿತ್ತು.

"ಮೌಲಾನಾ ಸಾಬ್, ಸಹಿ ಮಾಡ್ಯಾನ ಖರೆ. ಅದಕ್ಕ ಮೂರು ವರ್ಷ ಮನ್ಯಾಗ ಕುಂಡ್ರಬೇಕೇನ್ರಿ? ಇವಗ ಬರೂದು ಇದೊಂದ ಕೆಲಸ" ಎಂದು ಆ ತಾಯಿ ಕೇಳಿದರು.

ಸಹೋದರರೇ, ನಾವು ಅಂದು ಅವಸರದಲ್ಲಿ ಉತ್ತರ ಕೊಟ್ಟೆವು. ಮುಸ್ಲಿಮನು ಮಾತಿಗೆ ತಪ್ಪಬಾರದು, ಸೂರಃ ಅಲ್ ಮಾಇದಃದ ಮೊದಲ ಆಯತ್ತೇ ಕರಾರುಗಳನ್ನು ಪೂರೈಸಬೇಕೆಂದು ಆಜ್ಞಾಪಿಸುತ್ತದೆ, ಸಹಿ ಮಾಡಿದ ಮೇಲೆ ಮುಗಿಯಿತು ಎಂದುಬಿಟ್ಟೆವು. ತಾಯಿ ಮಾತಾಡದೆ ಎದ್ದು ಹೋದರು. ಅಂದು ರಾತ್ರಿ ನಮಗೆ ಸಮಾಧಾನವಾಗಲಿಲ್ಲ. ಆಯತ್ ಸತ್ಯ. ಆದರೆ ಅದನ್ನು ಸರಿಯಾದ ಜಾಗದಲ್ಲಿ ಇಟ್ಟೆವೇ ಎಂಬ ಸಂಶಯ ಕಾಡಿತು. ಕಿತಾಬುಗಳನ್ನು ಮತ್ತೆ ತೆರೆದೆವು, ನಮ್ಮ ಜಮಾಅತಿನ ವಕೀಲರೊಬ್ಬರನ್ನು ಕೇಳಿದೆವು. ನಾವು ಹೇಳಿದ್ದು ಅರ್ಧ ಮಾತಾಗಿತ್ತು. ಉಳಿದ ಅರ್ಧವನ್ನು ಇಂದು ಮಿಂಬರಿನಿಂದಲೇ ಹೇಳುತ್ತಿದ್ದೇವೆ.

ಬರೆದ ಷರತ್ತೆಲ್ಲ ನಿಲ್ಲುವುದಿಲ್ಲ

ಮುಸ್ಲಿಮರು ತಾವು ಒಪ್ಪಿದ ಷರತ್ತುಗಳಿಗೆ ಬದ್ಧರು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅದೇ ಹದೀಸಿನಲ್ಲಿ ಒಂದು ವಿನಾಯಿತಿಯೂ ಇದೆ: ಹಲಾಲನ್ನು ಹರಾಮ್ ಮಾಡುವ, ಹರಾಮನ್ನು ಹಲಾಲ್ ಮಾಡುವ ಷರತ್ತಿಗೆ ಆ ಮಾನ್ಯತೆ ಇಲ್ಲ. ಇದು ತಿರ್ಮಿದಿಯಲ್ಲಿದೆ. ನಾವು ಆ ತಾಯಿಗೆ ಮೊದಲ ಭಾಗ ಹೇಳಿ ಎರಡನೆಯದನ್ನು ಬಿಟ್ಟಿದ್ದೆವು.

ಬುಖಾರಿ, ಮುಸ್ಲಿಮ್ ಎರಡರಲ್ಲೂ ಬರುವ ಹಝ್ರತ್ ಬರೀರಾ(ರ)ರ ಘಟನೆ ನಿಮಗೆ ಗೊತ್ತು. ಅವರು ಗುಲಾಮಗಿರಿಯಲ್ಲಿದ್ದ ಹೆಣ್ಣುಮಗಳು. ಕಂತಿನಲ್ಲಿ ಹಣ ತೀರಿಸಿ ಬಿಡುಗಡೆ ಹೊಂದುವ ಕರಾರು ಮಾಡಿಕೊಂಡು, ಸಹಾಯ ಕೇಳಿ ಹಝ್ರತ್ ಆಯಿಶಾ(ರ)ರ ಬಳಿ ಬಂದರು. ತಾನೇ ಪೂರ್ತಿ ಹಣ ಕೊಟ್ಟು ಬಿಡಿಸುತ್ತೇನೆ ಎಂದರು ಆಯಿಶಾ(ರ). ಒಡೆಯರು ಒಪ್ಪಿದರು, ಆದರೆ ಬಿಡುಗಡೆಯಾದ ಮೇಲೂ ಅವಳ ಮೇಲಿನ 'ವಲಾ' ಹಕ್ಕು ನಮ್ಮದೇ ಇರಬೇಕು ಎಂದು ಷರತ್ತು ಹಾಕಿದರು. ಹಣವೂ ಬೇಕು, ಬಿಟ್ಟವಳ ಮೇಲೆ ಹಿಡಿತವೂ ಬೇಕು! ಆಗ ಪ್ರವಾದಿ(ಸ) ಜನರ ಮುಂದೆ ನಿಂತು, ಅಲ್ಲಾಹನ ಗ್ರಂಥದಲ್ಲಿ ಆಧಾರವಿಲ್ಲದ ಷರತ್ತು ನೂರು ಸಲ ಹಾಕಿದರೂ ಅಸಿಂಧು ಎಂದು ಸಾರಿದರು.

ಗುಲಾಮಗಿರಿ ಬೇರೆ, ನೌಕರಿ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಕಾಗದದ ಮೇಲೆ ಬರೆದ ಮಾತ್ರಕ್ಕೆ ಎಲ್ಲ ಷರತ್ತೂ ಸಿಂಧುವಾಗುವುದಿಲ್ಲ ಎಂಬ ಪಾಠ ಅದರಲ್ಲಿದೆ.

ಮೂಸಾ(ಅ)ರ ನೌಕರಿಯ ಕರಾರು

ನೌಕರಿಯ ಕರಾರು ಹೇಗಿರಬೇಕೆಂಬುದಕ್ಕೆ ಕುರ್‌ಆನಿನಲ್ಲೇ ಒಂದು ಮಾದರಿ ಇದೆ. ಸೂರಃ ಅಲ್ ಕಸಸ್‌ನ 26ರಿಂದ 28ನೇ ಆಯತ್‌ಗಳನ್ನು ಮನೆಗೆ ಹೋಗಿ ಓದಿರಿ. ಹಝ್ರತ್ ಮೂಸಾ(ಅ) ಈಜಿಪ್ಟ್ ಬಿಟ್ಟು ಬರಿಗೈಯಲ್ಲಿ ಮದ್ಯನ್‌ಗೆ ಬಂದಿದ್ದಾರೆ. ಮನೆಯಿಲ್ಲ, ಕೆಲಸವಿಲ್ಲ. ಇಂಥವನಿಂದ ಯಾವ ಷರತ್ತಿಗೆ ಬೇಕಾದರೂ ಸಹಿ ಹಾಕಿಸಬಹುದಿತ್ತು. ಆ ವೃದ್ಧರು ಏನು ಮಾಡಿದರು? ಎಂಟು ವರ್ಷ ದುಡಿ ಎಂದರು. ಹತ್ತು ಪೂರ್ಣ ಮಾಡಿದರೆ ಅದು ನಿನ್ನ ಒಳ್ಳೆಯತನ, ನಿನ್ನನ್ನು ಕಷ್ಟಕ್ಕೆ ತಳ್ಳುವ ಇಚ್ಛೆ ನನಗಿಲ್ಲ ಎಂದೂ ಹೇಳಿದರು. ಮೂಸಾ(ಅ) ಒಪ್ಪಿದರು. ಆದರೆ ಎರಡರಲ್ಲಿ ಯಾವ ಅವಧಿ ಮುಗಿಸಿದರೂ ಆಮೇಲೆ ನನ್ನ ಮೇಲೆ ಅತಿಕ್ರಮ ಆಗಬಾರದು ಎಂದು ಸ್ಪಷ್ಟವಾಗಿ ಹೇಳಿ, ಅಲ್ಲಾಹನನ್ನು ಸಾಕ್ಷಿಯಾಗಿಸಿದರು.

ಇಲ್ಲಿ ಮೂರು ವಿಷಯಗಳಿವೆ. ಅವಧಿ ಖಚಿತವಾಗಿದೆ. ಮಾಲಕನೇ ಕಷ್ಟ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದಾನೆ. ಅವಧಿ ಮುಗಿದ ಮೇಲೆ ದುಡಿದವನು ಸ್ವತಂತ್ರ. ಅಷ್ಟೇ ಅಲ್ಲ, ಈ ಪ್ರಸಂಗ ಆರಂಭವಾಗುವುದೇ ಆ ವೃದ್ಧರ ಮಗಳ ಮಾತಿನಿಂದ: ಕೆಲಸಕ್ಕೆ ಇಟ್ಟುಕೊಳ್ಳಲು ಶಕ್ತನೂ ಅಮಾನತ್ ಉಳಿಸಿಕೊಳ್ಳುವವನೂ ಆದವನೇ ಉತ್ತಮ ಎಂದು ಅವಳು ತಂದೆಗೆ ಹೇಳುತ್ತಾಳೆ. ದುಡಿಯುವವನ ಕರ್ತವ್ಯ ಅಲ್ಲೇ ಬಂದುಬಿಟ್ಟಿತು. ಇಂದಿನ ಖುತ್ಬಾದ ಸಾರವೆಲ್ಲ ಇದರಲ್ಲೇ ಇದೆ. ಅವಧಿಯೊಳಗೆ ಕರಾರು ಕಟ್ಟುತ್ತದೆ, ಅವಧಿಯ ಆಚೆ ಅಮಾನತ್ ಮಾತ್ರ ಕಟ್ಟುತ್ತದೆ.

ದೇಶದ ಕಾಯಿದೆ ಏನು ಹೇಳುತ್ತದೆ?

1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಮಿನ ಪ್ರಕಾರ, ಕಾನೂನುಬದ್ಧ ವೃತ್ತಿ, ವ್ಯಾಪಾರ, ದಂಧೆ ಮಾಡದಂತೆ ಯಾರನ್ನಾದರೂ ತಡೆಯುವ ಕರಾರು ಅಷ್ಟರ ಮಟ್ಟಿಗೆ ಶೂನ್ಯ. ಒಂದೇ ಒಂದು ವಿನಾಯಿತಿ ಅಲ್ಲೇ ಇದೆ. ತನ್ನ ಅಂಗಡಿಯನ್ನು ಹೆಸರು, ಗಿರಾಕಿ ಸಮೇತ ಮಾರಿದವನು, ಕೊಂಡವನ ಎದುರಿಗೇ ಅದೇ ವ್ಯಾಪಾರ ಹೂಡುವುದಿಲ್ಲ ಎಂದು ಒಪ್ಪಬಹುದು, ಅದೂ ನ್ಯಾಯವೆನಿಸುವ ಮಿತಿಯೊಳಗೆ. ಇದರಲ್ಲಿ ಅರ್ಥವಿದೆ. ಅವನು ತನ್ನ ಹೆಸರಿಗೆ ಬೆಲೆ ಪಡೆದಿದ್ದಾನೆ. ಆದರೆ ನೌಕರ ಮಾರಿದ್ದು ತನ್ನ ಹೊತ್ತನ್ನು, ಬೆವರನ್ನು. ಕೈಯಲ್ಲಿರುವ ಕಸುಬನ್ನು ಅವನು ಮಾರಿಲ್ಲ.

ಕಾಯಿದೆ ಬಂದ ಎರಡೇ ವರ್ಷಕ್ಕೆ, 1874ರಲ್ಲಿ, ಕಲ್ಕತ್ತಾ ಹೈಕೋರ್ಟಿಗೆ ಒಂದು ವ್ಯಾಜ್ಯ ಬಂತು. ಒಂದೇ ಓಣಿಯಲ್ಲಿ ಲೋಹದ ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬನು, ನೀನು ಇಲ್ಲಿಯ ಅಂಗಡಿ ಮುಚ್ಚಿದರೆ ನಿನ್ನ ಆಳುಗಳಿಗೆ ನೀನು ಕೊಟ್ಟಿರುವ ಮುಂಗಡ ರೊಕ್ಕವನ್ನು ನಾನು ತುಂಬಿಕೊಡುತ್ತೇನೆ ಎಂದ. ಇನ್ನೊಬ್ಬ ಮುಚ್ಚಿದ, ಮೊದಲಿನವನು ರೊಕ್ಕ ಕೊಡಲಿಲ್ಲ. ವ್ಯಾಪಾರ ತಡೆಯುವ ಇಂಥ ಕರಾರೇ ಶೂನ್ಯ, ತಡೆ ಸಣ್ಣದೋ ದೊಡ್ಡದೋ ಎಂಬ ಪ್ರಶ್ನೆಯೇ ಬರುವುದಿಲ್ಲ ಎಂದು ಕೋರ್ಟು ಹೇಳಿತು. ಅಂಗಡಿ ಮುಚ್ಚಿದವನಿಗೆ ಹಣ ಸಿಗಲಿಲ್ಲ. ಮಾತು ತಪ್ಪಿದವನು ಆ ಕೋರ್ಟಿನಲ್ಲಿ ಗೆದ್ದಿರಬಹುದು. ಅಲ್ಲಾಹನ ಕೋರ್ಟಿನಲ್ಲಿ ಆ ಲೆಕ್ಕ ಬೇರೆ. ಕಾಯಿದೆಯಲ್ಲಿ ಶೂನ್ಯವಾದದ್ದನ್ನು ಮೋಸಕ್ಕೆ ಪರವಾನಗಿ ಎಂದು ಯಾರೂ ತಿಳಿಯಬೇಡಿ.

ಯುವಕರಿಗೆ ಕ್ರಿಕೆಟಿನ ಉದಾಹರಣೆ ಬೇಗ ತಿಳಿಯುತ್ತದೆ. ಬೌಲರ್ ಝಹೀರ್ ಖಾನ್ ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ಮೂರು ವರ್ಷದ ಕರಾರು ಮುಗಿದಿತ್ತು. ಮುಗಿದ ಮೇಲೂ ಬೇರೆ ಕಂಪನಿಗೆ ಹೋಗುವ ಮೊದಲು ನಮ್ಮನ್ನೇ ಕೇಳಬೇಕು ಎಂಬ ಷರತ್ತು ಅದರಲ್ಲಿತ್ತು. ಅವಧಿ ಮುಗಿದ ಮೇಲಿನ ಆ ತಡೆ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿತು.

ಹಾಗಾದರೆ ಯಾವ ಬಾಂಡಿಗೂ ಬೆಲೆ ಇಲ್ಲವೇ? ಹಾಗಲ್ಲ. ನಮ್ಮ ಕರ್ನಾಟಕದ್ದೇ ಪ್ರಕರಣ ನೋಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್, ಅಧಿಕಾರಿಗಳ ನೇಮಕಾತಿಯಲ್ಲಿ ಒಂದು ಷರತ್ತು ಇಟ್ಟಿತ್ತು: ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಹಣ ಕಟ್ಟಿ, ಮರಳಿ ಕೊಡಿಸಿರೆಂದು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು ಅದನ್ನು ಬದಲಿಸಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಆ ಷರತ್ತು ನೌಕರಿಯ ಅವಧಿಗೆ ಸೇರಿದ್ದು, ಬಿಟ್ಟ ಮೇಲೆ ಬೇರೆಡೆ ದುಡಿಯದಂತೆ ತಡೆಯುವುದಿಲ್ಲ, ಆ ದರ್ಜೆಯ ಪಗಾರಕ್ಕೆ 2 ಲಕ್ಷ ಅತಿಯೂ ಅಲ್ಲ ಎಂಬುದು ಅದರ ತರ್ಕ. ಎಂಟು ವರ್ಷ ದುಡಿ ಎಂದ ಮದ್ಯನಿನ ವೃದ್ಧರ ಕರಾರಿಗೆ ಇದು ಹತ್ತಿರದ್ದು. ಇಂಥ ಬಾಂಡಿಗೆ ಸಹಿ ಮಾಡಿದವರು ಅದನ್ನು ಪಾಲಿಸಬೇಕು. ತಿಂಗಳಿಗೆ ಹನ್ನೆರಡು ಸಾವಿರ ದುಡಿಯುವ ಹುಡುಗನಿಂದ, ಬಿಟ್ಟು ಹೋದ ಮೇಲೆ ಒಂದೂವರೆ ಲಕ್ಷ ಕೇಳುವುದು ಬೇರೆಯೇ ಮಾತು.

ಬೆಂಗಳೂರಿನ ಐಟಿಯಲ್ಲಿರುವ ನಮ್ಮ ಮಕ್ಕಳಿಗೂ ಇದು ಹೊಸದಲ್ಲ. ಕೆಲಸ ಬಿಟ್ಟ 6 ತಿಂಗಳು, ತಾವು ಯಾವ ಗ್ರಾಹಕ ಕಂಪನಿಗೆ ಕೆಲಸ ಮಾಡಿಕೊಟ್ಟರೋ ಅದರ ಕೆಲಸವನ್ನು ಪ್ರತಿಸ್ಪರ್ಧಿ ಕಂಪನಿಗಳಲ್ಲಿ ಸೇರಿ ಮಾಡಬಾರದು ಎಂಬ ಇನ್ಫೋಸಿಸ್ ಷರತ್ತಿನ ವಿರುದ್ಧ ಐಟಿ ನೌಕರರ ಸಂಘಟನೆಯೊಂದು 2022ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತ್ತು. ಅಮೆರಿಕದಲ್ಲಿ ಇಂಥ ಷರತ್ತುಗಳನ್ನು ದೇಶವ್ಯಾಪಿ ನಿಷೇಧಿಸುವ ನಿಯಮ 2024ರ ಏಪ್ರಿಲ್‌ನಲ್ಲಿ ಬಂತು, ಆಗಸ್ಟ್‌ನಲ್ಲೇ ಟೆಕ್ಸಸ್‌ನ ಕೋರ್ಟು ಅದನ್ನು ತಳ್ಳಿಹಾಕಿತು. ಅದೇ ದೇಶದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಾತ್ರ 1872ರಿಂದಲೂ ಇಂಥ ಷರತ್ತಿಗೆ ಬೆಲೆ ಇಲ್ಲ. ಜಗತ್ತಿನ ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳು ಬೆಳೆದದ್ದು ಅಲ್ಲೇ. ಹುಡುಗರು ಬಿಟ್ಟುಹೋಗುತ್ತಾರೆಂದು ಅಲ್ಲಿಯ ದಂಧೆ ಮುಳುಗಲಿಲ್ಲ.

ಗಲ್ಫಿಗೆ ಹೋಗುವವರು ಮಾತ್ರ ಎಚ್ಚರವಿರಲಿ. ಯುಎಇಯ 2021ರ ಕಾರ್ಮಿಕ ಕಾಯಿದೆ ಇಂಥ ಷರತ್ತನ್ನು ಎರಡು ವರ್ಷದವರೆಗೆ ಒಪ್ಪುತ್ತದೆ. ಸ್ಥಳ, ಕಾಲ, ಕೆಲಸದ ಸ್ವರೂಪ ಸ್ಪಷ್ಟವಾಗಿ ಬರೆದಿರಬೇಕು. ಸೌದಿಯಲ್ಲೂ ಎರಡು ವರ್ಷದ ಮಿತಿ ಇದೆ. ಭಾರತದಲ್ಲಿ ನಡೆಯುವುದಿಲ್ಲ ಎಂದು ಅಲ್ಲಿ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ನಮ್ಮ ನೆಲ ಕಲಿಸುವುದು

ದೂರದ ಮಾತು ಸಾಕು, ನಾವು ನಿಂತಿರುವ ನೆಲವನ್ನೇ ನೋಡೋಣ. ಈ ತೊರವಿಯ ಬಳಿ ಎರಡನೇ ಇಬ್ರಾಹೀಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ. ಸಂಗೀತ ಮಹಲಿನ ಗೋಡೆಗಳು ಇಂದಿಗೂ ನಿಂತಿವೆ. ಅವನ ದರ್ಬಾರಿಗೆ ಕೀರ್ತಿ ತಂದವರು ಯಾರು? ಇತಿಹಾಸಕಾರ ಫಿರಿಶ್ತಾ 1589ರಲ್ಲಿ ಅಹ್ಮದ್‌ನಗರ ಬಿಟ್ಟು ಬಿಜಾಪುರಕ್ಕೆ ಬಂದವನು. ಕವಿಗಳಾದ ಝುಹೂರಿ, ಮಲಿಕ್ ಕುಮ್ಮಿ ಇಬ್ಬರೂ ಅಹ್ಮದ್‌ನಗರದ ದರ್ಬಾರಿನಿಂದಲೇ ಬಂದವರು. ಅಹ್ಮದ್‌ನಗರ ಬಿಜಾಪುರದ ಪ್ರತಿಸ್ಪರ್ಧಿ ರಾಜ್ಯ. ಅಲ್ಲಿಂದ ಬಿಟ್ಟವರು ನೆರೆ ರಾಜ್ಯದಲ್ಲಿ ಲೇಖನಿ ಹಿಡಿಯಬಾರದು ಎಂಬ ಬಾಂಡ್ ಇದ್ದಿದ್ದರೆ ನಮ್ಮ ಊರಿನ ಇತಿಹಾಸ ಎಷ್ಟು ಬಡವಾಗುತ್ತಿತ್ತು!

ಇದೇ ನೆಲದಲ್ಲಿ ಇನ್ನೊಂದು ಕಹಿ ದೃಶ್ಯವನ್ನೂ ಕಂಡಿದ್ದೇವೆ. 2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಕೂಲಿಕಾರರನ್ನು ಹೊಡೆದ ವಿಡಿಯೋ ನಿಮ್ಮ ಮೊಬೈಲುಗಳಿಗೂ ಬಂದಿತ್ತು. ಜಗಳದ ಮೂಲ ಮುಂಗಡ ರೊಕ್ಕ. ಮುಂಗಡ ಕೊಟ್ಟು ಆಳನ್ನು ಹಿಡಿದಿಡುವುದನ್ನು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯಿದೆ ಅಪರಾಧವೆಂದು ಸಾರಿದೆ. ಬೇರೆಡೆ ಕೆಲಸ ಹುಡುಕುವ ಸ್ವಾತಂತ್ರ್ಯ ಕಸಿಯುವುದೂ ಆ ಕಾಯಿದೆಯ ಪ್ರಕಾರ ಜೀತದ ಒಂದು ಗುರುತು. ನಮ್ಮ ಅಂಗಡಿಕಾರರು ಹಾಗೆ ಹೊಡೆಯುವವರಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಬಡವನ ಮಗನ ಪ್ರಮಾಣಪತ್ರವನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಕೈ ಯಾವ ದಾರಿ ಹಿಡಿದಿದೆ ಎಂದು ಯೋಚಿಸಬೇಕು.

ಮಾಲಕರ ಮಾತನ್ನೂ ಕೇಳಬೇಕು

ನಾವು ಆ ಅಂಗಡಿ ಮಾಲಕರನ್ನೂ ಕರೆದು ಕೂರಿಸಿದೆವು. ಅವರು ಕೆಟ್ಟವರಲ್ಲ, ನಮ್ಮದೇ ಸಫ್ಫಿನಲ್ಲಿ ನಿಲ್ಲುವ ನಮಾಝಿ. "ಪಾನಾ ಹಿಡಿಯಾಕ ಬರತಿರಲಿಲ್ರಿ ಇವಗ. ಗ್ಯಾಸ್ ತುಂಬೂದು, ಪೈಪ್ ಬೆಸೆಯೂದು ನಾ ಕಲಿಸಿದ್ದು. ಕಂಪನಿ ಟ್ರೇನಿಂಗಿಗೆ ನನ್ನ ಖರ್ಚಿನ್ಯಾಗ ಕಳಿಸೀನಿ. ಈಗ ನನ್ನ ಗಿರಾಕಿಗೋಳ ನಂಬರೆಲ್ಲಾ ಅವನ ಫೋನ್‌ನ್ಯಾಗ ಅದಾವ" ಎಂದರು. ಹಿಂದೊಬ್ಬ ಶಾಗಿರ್ದ್ ಬಿಟ್ಟುಹೋಗುವಾಗ ಕೋಲ್ಡ್ ಸ್ಟೋರೇಜಿನ ವರ್ಷದ ಕೆಲಸವನ್ನೇ ಒಯ್ದಿದ್ದನಂತೆ. ಆ ನೋವಿನಿಂದಲೇ ಈ ಬಾಂಡ್ ಹುಟ್ಟಿದ್ದು.

ಈ ಅಹವಾಲು ಸುಳ್ಳಲ್ಲ. ಅಮಾನತ್‌ಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಆಜ್ಞಾಪಿಸಿದ್ದಾನೆ. ಮಾಲಕನ ಗಿರಾಕಿಗಳ ಪಟ್ಟಿ, ದರದ ಗುಟ್ಟು, ಅವನು ಕೊಟ್ಟ ಉಪಕರಣ ಇವೆಲ್ಲ ಅಮಾನತ್. ಆದರೆ ಕೈಗೆ ಹತ್ತಿದ ಕಸುಬು ಅಮಾನತ್ ಅಲ್ಲ. ಅದು ಅಲ್ಲಾಹನು ಆ ಹುಡುಗನಿಗೆ ಕೊಟ್ಟ ರಿಝ್ಕಿನ ಬಾಗಿಲು. ಕಲಿಸಿದ ಉಸ್ತಾದನಿಗೆ ಅದರ ಪುಣ್ಯವಿದೆ, ಆ ಬಾಗಿಲಿನ ಬೀಗದ ಕೈ ಇಲ್ಲ.

ಮಕ್ಕಾದಿಂದ ಬರಿಗೈಯಲ್ಲಿ ಬಂದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಮದೀನಾದ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಅವರು ಅದನ್ನು ಬೇಡವೆಂದು, ಬರಕತ್‌ಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ಮಾತ್ರ ಕೇಳಿದರು. ಆ ಮಾರುಕಟ್ಟೆಯಲ್ಲಿ ಮೊದಲೇ ವ್ಯಾಪಾರಿಗಳಿದ್ದರು. ಅನ್ಸಾರಿಗಳು ದಾರಿ ತೋರಿಸಿದರು. ನಮ್ಮಿಂದ ಅರ್ಧ ಆಸ್ತಿ ಕೊಡಲಿಕ್ಕಾಗದು, ಸರಿ. ಮಾರುಕಟ್ಟೆಯ ದಾರಿಯನ್ನಾದರೂ ಮುಚ್ಚದಿರೋಣ.

ಮಾಡಬೇಕಾದದ್ದು

ಮಾಲಕರೇ, ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ ಅದನ್ನು ಲೆಕ್ಕದೊಂದಿಗೆ ಬರೆದಿಡಿ. ಇಷ್ಟು ಅವಧಿ ದುಡಿಯಬೇಕು, ನಡುವೆ ಬಿಟ್ಟರೆ ಉಳಿದ ಖರ್ಚು ಕೊಡಬೇಕು ಎನ್ನಿ. ಅದು ನ್ಯಾಯ. ಬಿಟ್ಟ ಮೇಲೆ ಇಂತಿಷ್ಟು ದಿನ ಎದುರು ಅಂಗಡಿಗೆ ಹೋಗಲೇಬಾರದು ಅನ್ನಿಸಿದರೆ ಆ ದಿನಗಳ ಪಗಾರ ಕೊಟ್ಟು ಮನೆಯಲ್ಲಿ ಇರಿಸಿ. ಪಗಾರವನ್ನೂ ಕೊಡದೆ ದುಡಿಯಲೂ ಬಿಡದಿದ್ದರೆ ಅವನ ಮನೆಯ ಒಲೆ ಹೇಗೆ ಉರಿಯಬೇಕು? ಯಾರ ಮೂಲ ಪ್ರಮಾಣಪತ್ರವೂ ನಿಮ್ಮ ಕಪಾಟಿನಲ್ಲಿದ್ದರೆ ಇಂದೇ ಮರಳಿಸಿ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ ದಿನ ಸ್ವತಃ ಅಲ್ಲಾಹನೇ ವಾದಿಯಾಗುತ್ತಾನೆ ಎಂಬ ಹದೀಸನ್ನು ಮರೆಯಬೇಡಿ. ಹುಡುಗನನ್ನು ಉಳಿಸಿಕೊಳ್ಳುವ ಹಲಾಲ್ ದಾರಿಯೊಂದಿದೆ, ಪಗಾರ ಹೆಚ್ಚಿಸುವುದು.

ದುಡಿಯುವ ಮಕ್ಕಳೇ, ಒಪ್ಪಿದ ಅವಧಿ ಮುಗಿಸಿರಿ. ಹೇಳದೆ ಕೇಳದೆ ಹೋಗಬೇಡಿ. ಇನ್ನೊಬ್ಬರು ಬಂದು ಕಲಿಯುವ ತನಕ ನಿಲ್ಲಿರಿ. ಮಾಲಕರ ಗಿರಾಕಿ ಪಟ್ಟಿಯನ್ನು ನಕಲು ಮಾಡಿ ಒಯ್ಯುವುದು ಕಳ್ಳತನ. ಬಾಂಡ್ ಶೂನ್ಯವಾದ ಮಾತ್ರಕ್ಕೆ ಅಮಾನತ್ ಶೂನ್ಯವಾಗುವುದಿಲ್ಲ.

ತಂದೆತಾಯಿಗಳೇ, ಮಗನಾಗಲಿ ಮಗಳಾಗಲಿ ಕೆಲಸಕ್ಕೆ ಸೇರುವ ದಿನ ಕಾಗದ ಮನೆಗೆ ತರಿಸಿ, ಓದಿಸಿ. ಇಂಗ್ಲಿಷಿನಲ್ಲಿದ್ದರೆ ಓದಬಲ್ಲವರಿಗೆ ತೋರಿಸಿ. ನಕಲು ಪ್ರತಿ ಇಟ್ಟುಕೊಳ್ಳಿ. ಸಂಶಯವಿದ್ದರೆ ವಕೀಲರನ್ನು ಕೇಳಿ. ಇಮಾಮರನ್ನು ಕೇಳಿದರೆ, ಅವರು ಅವಸರದಲ್ಲಿ ಹೇಳಿದ ಉತ್ತರಕ್ಕೆ ಎದ್ದು ಹೋಗಬೇಡಿ, ಇನ್ನೊಮ್ಮೆ ಕೇಳಿ.

ಆ ಮನೆಯ ವಿಷಯ ಏನಾಯಿತೆಂದು ಕೇಳುತ್ತೀರಿ. ನಾವು ಅವರ ಮನೆಗೆ ಹೋಗಿ, ಮೊದಲು ಹೇಳಿದ್ದು ತಪ್ಪಾಯಿತೆಂದು ಆ ತಾಯಿಗೆ ಹೇಳಿದೆವು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆವು. ಬೇಸಿಗೆಯೇ ಎಸಿ ಕೆಲಸದ ಸುಗ್ಗಿ. ಮಳೆಗಾಲ ಹಿಡಿಯುವವರೆಗೆ ಅಲ್ಲೇ ದುಡಿಯಲು ಹುಡುಗ ಒಪ್ಪಿ, ಹಾಗೆಯೇ ನಡೆದ. ಗಿರಾಕಿಗಳ ನಂಬರುಗಳನ್ನು ಮಾಲಕರ ಎದುರೇ ಫೋನಿನಿಂದ ಅಳಿಸಿದ. ಮಾಲಕರು ಪ್ರಮಾಣಪತ್ರ ಮರಳಿಸಿದರು, ಬಾಂಡ್ ಹರಿದರು. ತಿಕೋಟಾದಲ್ಲಿ ಅಂಗಡಿ ತೆರೆದಿದೆ. ಆದರೆ ಅದರ ಉದ್ಘಾಟನೆಗೆ ಉಸ್ತಾದರು ಹೋಗಲಿಲ್ಲ. ಇಬ್ಬರ ನಡುವೆ ಸಲಾಮ್ ಮಾತ್ರ ಉಳಿದಿದೆ, ಮಾತಿಲ್ಲ. ಅವರಿಬ್ಬರೂ ಇಂದು ಈ ಮಸೀದಿಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ. ನಮಾಝ್ ಮುಗಿದ ಮೇಲೆ ಒಬ್ಬರು ಇನ್ನೊಬ್ಬರ ಕೈ ಹಿಡಿದರೆ ಈ ಖುತ್ಬಾದ ಸಾರ್ಥಕತೆ ಅದೇ.

ಜುಮಾ ನಮಾಝ್ ಮುಗಿದೊಡನೆ ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದು ಆತನೇ ಹೇಳಿದ್ದಾನೆ. ಆತನು ಭೂಮಿಯನ್ನು ವಿಶಾಲವಾಗಿ ಹಾಸಿದ್ದಾನೆ. ವಿಜಯಪುರ, ತಿಕೋಟಾ, ಬಬಲೇಶ್ವರ ಎಂದು ಅದಕ್ಕೆ ಬೇಲಿ ಹಾಕಲು ನಾವು ಯಾರು?

ಯಾ ಅಲ್ಲಾಹ್, ನಮ್ಮ ಮಕ್ಕಳ ಕೈಯ ಕಸುಬಿಗೆ ಬರಕತ್ ಕೊಡು. ದುಡಿಸುವವರಿಗೆ ನ್ಯಾಯಬುದ್ಧಿ, ದುಡಿಯುವವರಿಗೆ ಅಮಾನತ್ ಕೊಡು. ಉಸ್ತಾದ್ ಮತ್ತು ಶಾಗಿರ್ದರ ಹೃದಯಗಳನ್ನು ಕೂಡಿಸು. ಅರ್ಧ ತಿಳಿದು ಪೂರ್ತಿ ಮಾತಾಡುವ ದೋಷದಿಂದ ನಮ್ಮನ್ನು ಕಾಪಾಡು. ಆಮೀನ್.